ಬೀಪಿ ಮೆಷಿನ್ನಾ, ವಾಚಾ, ಪ್ಯಾಕೇಜಾ? ಹೃದಯಕ್ಕಾಗಿ ಯಾವುದನ್ನು, ಎಲ್ಲಿ ಅಳೆಯುವುದು

ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮೂರ ಶಾಲೆಯಲ್ಲಿ ಒಂದು ಆರೋಗ್ಯ ಶಿಬಿರ ಇತ್ತು. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯ ಪೆರ್ಲದ ಹತ್ತಿರ ನಮ್ಮ ಮನೆ. ಅಮ್ಮ ಗುಡ್ಡೆ ಹತ್ತಿ, ಮಳೆಗೆ ಅರ್ಧ ನೆನೆದು, ಶಾಲೆಯ ಜಗಲಿಯಲ್ಲಿ ಮುಕ್ಕಾಲು ಗಂಟೆ ಸಾಲು ನಿಂತಳು. ಸರದಿ ಬಂದಾಗ ರವಕೆಯ ತೋಳಿನ ಮೇಲೆಯೇ ಪಟ್ಟಿ ಸುತ್ತಿದರು. ಪಕ್ಕದ ಮನೆಯ ಅಕ್ಕ ಅಡಿಕೆಗೆ ಕೊಳೆರೋಗ ಬಂದ ಸುದ್ದಿ ಹೇಳುತ್ತಿದ್ದಳು, ಅಮ್ಮ ಉತ್ತರ ಕೊಡುತ್ತಿದ್ದಳು. ಬೀಪಿ 168/94 ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಆ ರಾತ್ರಿ ಅಮ್ಮ ಊಟ ಮಾಡಲಿಲ್ಲ.

ಮರುದಿನದಿಂದ ಒಂದು ವಾರ ಮನೆಯಲ್ಲೇ ನೋಡಿದೆವು. ಸರಾಸರಿ 131/79 ಬಂತು.

ಅಷ್ಟರೊಳಗೆ ಸುದ್ದಿ ಎಲ್ಲ ಕಡೆ ಮುಟ್ಟಿತ್ತು. ಬೆಂಗಳೂರಿನ ತಮ್ಮ ಬೀಪಿ ತೋರಿಸುವ ಒಂದು ವಾಚು ಕಳಿಸಿದ. ಮಂಗಳೂರಿನ ಭಾವ ಫೋನು ಮಾಡಿ, "ಒಂದು ಫುಲ್ ಬಾಡಿ ಪ್ಯಾಕೇಜ್ ಮಾಡಿಸಿಬಿಡಿ ಮಾರಾಯ್ರೆ, ಎಪ್ಪತ್ತು ಟೆಸ್ಟ್ ಉಂಟಂತೆ" ಎಂದರು. ಆಶಾ ಕಾರ್ಯಕರ್ತೆ ಬಂದು, ಪಂಚಾಯತಿನ ಆರೋಗ್ಯ ಕೇಂದ್ರಕ್ಕೆ ಬನ್ನಿ, ಅಲ್ಲಿ ಪುಕ್ಕಟೆ ನೋಡುತ್ತಾರೆ ಎಂದಳು. ಎಲ್ಲರೂ ಒಳ್ಳೆಯದನ್ನೇ ಹೇಳಿದ್ದು. ಆದರೆ ಎಲ್ಲವನ್ನೂ ಮಾಡಲು ದುಡ್ಡೂ ಇಲ್ಲ, ತಾಳ್ಮೆಯೂ ಇಲ್ಲ ಅಲ್ವಾ?

ನಾನು ಡಾಕ್ಟರ್ ಅಲ್ಲ. ಅಪ್ಪ ಅಮ್ಮ ಇಬ್ಬರ ಫೈಲು ಹಿಡಿದುಕೊಂಡು ಓಡಾಡುವವನು ಅಷ್ಟೆ. ಹಾಗೆ ಓಡಾಡಿ ಕಲಿತ ಒಂದು ಪ್ರಶ್ನೆ ಇದೆ. ಈ ಅಂಕಿ ಬಂದರೆ ನಾಳೆಯಿಂದ ಏನು ಬದಲಾಗುತ್ತದೆ? ಮದ್ದು ಬದಲಾಗುತ್ತದೆಯಾ, ಊಟ ಬದಲಾಗುತ್ತದೆಯಾ, ಡಾಕ್ಟರ ಹತ್ತಿರ ಹೋಗುವ ದಿನ ಬದಲಾಗುತ್ತದೆಯಾ? ಯಾವುದೂ ಇಲ್ಲವಾದರೆ ಅದಕ್ಕೆ ದುಡ್ಡು ಹಾಕುವುದು ಬೇಡ. ಈ ಗೆರೆಯಲ್ಲಿ ನೋಡಿದರೆ ತೋಳಿಗೆ ಸುತ್ತುವ ಒಂದು ಮೆಷಿನ್, ಹತ್ತು ರೂಪಾಯಿಯ ಒಂದು ನೋಟ್‌ಬುಕ್, ವರ್ಷಕ್ಕೊಮ್ಮೆ ನಾಲ್ಕೈದು ಲ್ಯಾಬ್ ಟೆಸ್ಟು, ಇಷ್ಟು ಸಾಕು. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ತೋಳಿನದ್ದಾ, ಮಣಿಕಟ್ಟಿನದ್ದಾ, ವಾಚಾ?

ತೋಳಿನದ್ದು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಡಿಜಿಟಲ್ ಮೆಷಿನ್ ಪಟ್ಟಿಯಲ್ಲಿ ಗಾಳಿ ತುಂಬಿ ರಕ್ತನಾಳವನ್ನು ಒತ್ತುತ್ತದೆ. ಆಮೇಲೆ ಗಾಳಿ ಬಿಡುತ್ತಾ, ನಾಳದ ಮಿಡಿತ ಪಟ್ಟಿಗೆ ತಾಗುವುದನ್ನು ಹಿಡಿಯುತ್ತದೆ. ಮೊದಲೆಲ್ಲ ಡಾಕ್ಟರು ಪಾದರಸದ ಕಂಬ ನೋಡುತ್ತಾ ಸ್ಟೆತಸ್ಕೋಪಿನಲ್ಲಿ ಕೇಳುತ್ತಿದ್ದರು. ಆ ಶಬ್ದ ಕೇಳುವ ಕ್ರಮವನ್ನು ರಷ್ಯಾದ ಕೊರೊಟ್ಕೊವ್ ಎಂಬ ಡಾಕ್ಟರು 1905ರಲ್ಲಿ ತೋರಿಸಿದ್ದು. ಪಾದರಸ ವಿಷ ಎಂಬ ಕಾರಣಕ್ಕೆ ಈಗ ಆ ಕಂಬದ ಮೆಷಿನ್‌ಗಳು ಎಲ್ಲ ಕಡೆ ಮೂಲೆಗೆ ಸೇರುತ್ತಿವೆ. "ಹಳೇದೇ ಸರಿ, ಡಿಜಿಟಲ್ ಸುಳ್ಳು" ಎಂದು ಅಪ್ಪ ಎರಡು ವರ್ಷ ವಾದ ಮಾಡಿದರು. ಒಳ್ಳೆಯ ಡಿಜಿಟಲ್ ಮೆಷಿನ್ ಸುಳ್ಳು ಹೇಳುವುದಿಲ್ಲ. ನಾವು ಕೂರುವ ರೀತಿ ಸುಳ್ಳು ಹೇಳಿಸುತ್ತದೆ.

ಮಣಿಕಟ್ಟಿನ ಮೆಷಿನ್ ನೋಡಲು ಚಂದ, ಚೀಲದಲ್ಲಿ ಹಿಡಿಯುತ್ತದೆ. ತೊಂದರೆ ಒಂದೇ. ಅಳೆಯುವ ಜಾಗ ಹೃದಯದ ಮಟ್ಟದಲ್ಲೇ ಇರಬೇಕು. ಕೈ ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಅಂಕಿ ಏಳೆಂಟು ಜಾಸ್ತಿ ತೋರಿಸುತ್ತದೆ. ಮಣಿಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಸುಮ್ನೆ ಹದಿನೈದು ಏರಿತು ಅಂತಲೇ ಲೆಕ್ಕ. ತೋಳು ತುಂಬಾ ದಪ್ಪ ಇದ್ದು ಯಾವ ಪಟ್ಟಿಯೂ ಸುತ್ತಲಾಗದವರು ಮಾತ್ರ ಡಾಕ್ಟರನ್ನು ಕೇಳಿ ಇದನ್ನು ತೆಗೆದುಕೊಳ್ಳಬಹುದು.

ವಾಚಿನ ವಿಷಯ. ಹಸಿರು ಬೆಳಕು ಬಿಟ್ಟು ಚರ್ಮದ ಕೆಳಗಿನ ರಕ್ತದ ಮಿಡಿತ ನೋಡುತ್ತದೆ. ನಾಡಿಬಡಿತ ಎಣಿಸಲು, ಎಷ್ಟು ಹೆಜ್ಜೆ ನಡೆದೆವು ಎಂದು ನೋಡಲು ಅಡ್ಡಿಯಿಲ್ಲ. ಇಸಿಜಿ ಇರುವ ದುಬಾರಿ ವಾಚುಗಳು ಬಡಿತ ತಾಳ ತಪ್ಪುವುದನ್ನು ಹಿಡಿಯಬಲ್ಲವು, ಅದು ಕೆಲವರಿಗೆ ನಿಜವಾಗಿ ಉಪಯೋಗಕ್ಕೆ ಬಂದಿದೆ. ಆದರೆ ಹಾರ್ಟ್ ಅಟ್ಯಾಕ್ ಹಿಡಿಯುವುದು ಅವುಗಳ ಕೆಲಸ ಅಲ್ಲ. ಬೀಪಿಗಂತೂ ನಂಬುವ ಹಾಗಿಲ್ಲ. ಪಟ್ಟಿ ಇಲ್ಲದ ಉಪಕರಣಗಳಲ್ಲಿ ಬೀಪಿ ನೋಡಿ ಕಾಯಿಲೆ ಹೇಳಬಾರದು, ಮದ್ದು ಬದಲಿಸಬಾರದು ಎಂದು ಯುರೋಪಿನ ಬೀಪಿ ತಜ್ಞರ ಸಂಘ 2023ರ ಮಾರ್ಗಸೂಚಿಯಲ್ಲೇ ಹೇಳಿದೆ. ಕೆಲವು ವಾಚುಗಳನ್ನು ತಿಂಗಳಿಗೊಮ್ಮೆ ತೋಳಿನ ಮೆಷಿನ್ ಜೊತೆ ತಾಳೆ ಮಾಡಬೇಕು. ಅಂದರೆ ಮೆಷಿನ್ ಹೇಗೂ ಬೇಕು! ತಮ್ಮ ಕಳಿಸಿದ ವಾಚನ್ನು ನಾನು ಒಂದು ದಿನ ಬಾಳೆದಿಂಡಿಗೆ ಕಟ್ಟಿ ನೋಡಿದೆ. 118/76. ದಿಂಡು ಆರೋಗ್ಯವಾಗಿದೆ ಎಂದು ಅವನಿಗೆ ಫೋಟೋ ಕಳಿಸಿದೆ. ಎರಡು ದಿನ ಮಾತಾಡಲಿಲ್ಲ.

ಮೆಷಿನ್ ಕೊಳ್ಳುವಾಗ ಎರಡು ವಿಷಯ ನೋಡಿ. ಮೊದಲನೆಯದು, ಆ ಮಾಡೆಲನ್ನು ಸರಿಯಾಗಿ ಪರೀಕ್ಷೆ ಮಾಡಿದ್ದಾರಾ ಎಂಬುದು. ಸ್ಟ್ರೈಡ್ ಬೀಪಿ ಎಂಬ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ, ಮಾಡೆಲ್ ನಂಬರ್ ಅದರಲ್ಲಿದೆಯಾ ಎಂದು ಹುಡುಕಿ. ಕಂಪೆನಿಯ ಹೆಸರು ದೊಡ್ಡದು ಎಂಬುದಷ್ಟೇ ಸಾಲದು. ಎರಡನೆಯದು ತೋಳಪಟ್ಟಿಯ ಅಳತೆ. ಇದನ್ನು ಮದ್ದಿನಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಟೈಲರ ಟೇಪಿನಲ್ಲಿ ತೋಳಿನ ನಡುಭಾಗ ಅಳೆಯಿರಿ. ಸಾಮಾನ್ಯ ಪಟ್ಟಿ 22ರಿಂದ 32 ಸೆಂಟಿಮೀಟರ್ ತೋಳಿಗೆ. ಅದಕ್ಕಿಂತ ದಪ್ಪ ಇದ್ದರೆ 42ರವರೆಗಿನದ್ದು ಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬೀಪಿ ಇಲ್ಲದವರಿಗೂ ಬೀಪಿ ಬರುತ್ತದೆ. ಒಂದೂವರೆ ಸಾವಿರದಿಂದ ಎರಡೂವರೆ ಸಾವಿರದೊಳಗೆ ಒಳ್ಳೆಯದು ಸಿಗುತ್ತದೆ. ಬ್ಲೂಟೂತ್, ಮಾತಾಡುವ ಮೆಷಿನ್, ಅದೆಲ್ಲ ನಮಗೆ ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ಲ, ಸೆಲ್ ಹಾಕಿ ನಡೆಯುವುದಾ ಎಂದು ಮಾತ್ರ ನೋಡಿ.

ಮನೆಯಲ್ಲಾ, ಆಸ್ಪತ್ರೆಯಲ್ಲಾ, ಶಿಬಿರದಲ್ಲಾ?

ಶಿಬಿರ ಕೆಟ್ಟದ್ದು ಎನ್ನುವುದಿಲ್ಲ. ಒಮ್ಮೆಯೂ ನೋಡಿಸದವರಿಗೆ ಅದೇ ಮೊದಲ ಬಾಗಿಲು. ಆದರೆ ಅಲ್ಲಿ ಸಿಗುವುದು ಒಂದು ಅಂಕಿ. ಬೀಪಿ ಎಂಬುದು ದಿನವಿಡೀ ಏರಿ ಇಳಿಯುವ ವಸ್ತು, ಕುಂಬಳೆ ಹೊಳೆಯ ನೀರಿನ ಹಾಗೆ. ಒಂದು ಹೊತ್ತಿನ ನೀರು ನೋಡಿ ಹೊಳೆಯ ಆಳ ಹೇಳಲು ಆಗುವುದಿಲ್ಲ.

ನಮ್ಮ ಮನೆಯಲ್ಲೇ ಎರಡು ಬಗೆ ಉಂಟು. ಅಮ್ಮನಿಗೆ ಬಿಳಿ ಕೋಟು ಕಂಡ ಕೂಡಲೇ ಬೀಪಿ ಏರುತ್ತದೆ, ಮನೆಯಲ್ಲಿ ಸರಿ ಇರುತ್ತದೆ. ಅಪ್ಪನದ್ದು ಉಲ್ಟಾ. ಕ್ಲಿನಿಕ್ಕಿನ ಫ್ಯಾನಿನ ಕೆಳಗೆ ಪರಿಚಯದವರ ಜೊತೆ ಹರಟೆ ಹೊಡೆದು ಒಳಗೆ ಹೋದರೆ ಮೇಲಿನ ಅಂಕಿ 128. "ಫಸ್ಟ್ ಕ್ಲಾಸ್" ಎಂದು ಡಾಕ್ಟರು ಕಳಿಸುತ್ತಿದ್ದರು. ಮನೆಯಲ್ಲಿ ಬೆಳಗ್ಗೆ ಮಾತ್ರೆಗೆ ಮೊದಲು ನೋಡಿದರೆ 146, 149. ಎರಡನೆಯದೇ ಜಾಸ್ತಿ ಅಪಾಯ, ಯಾಕೆಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ನೋಟ್‌ಬುಕ್ ತೋರಿಸಿದ ಮೇಲೆ ಡಾಕ್ಟರು ಮದ್ದು ಬದಲಿಸಿದರು.

ಬೀಪಿ ಜಾಸ್ತಿ ಎನ್ನಲು ಕ್ಲಿನಿಕ್ಕಿನಲ್ಲಿ 140/90 ಗೆರೆ. ಮನೆಯಲ್ಲಿ ಅದೇ ಗೆರೆ 135/85. ಮೇಲಿನದ್ದು, ಕೆಳಗಿನದ್ದು ಎರಡರಲ್ಲಿ ಯಾವುದಾದರೂ ಒಂದು ಅಂಕಿ ಸರಾಸರಿಯಲ್ಲಿ ಈ ಗೆರೆ ದಾಟಿದರೂ ಡಾಕ್ಟರನ್ನು ನೋಡಬೇಕು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಮೊದಲೇ ಇದ್ದವರಿಗೆ ಡಾಕ್ಟರು ಇನ್ನೂ ಕೆಳಗಿನ ಗುರಿ ಕೊಡಬಹುದು.

ನೋಡುವ ಕ್ರಮ ಹೀಗೆ. ಅರ್ಧ ಗಂಟೆ ಮೊದಲು ಚಾ, ಕಾಫಿ, ಬೀಡಿ ಬೇಡ. ಹೊಗೆಸೊಪ್ಪು ಹಾಕಿದ ಎಲೆಯಡಿಕೆಯೂ ಬೇಡ, ಇದನ್ನು ನಮ್ಮಲ್ಲಿ ಎಲ್ಲರೂ ಮರೆಯುತ್ತಾರೆ. ಮೂತ್ರಕ್ಕೆ ಹೋಗಿ ಬನ್ನಿ, ಕಟ್ಟಿಕೊಂಡು ಕೂತರೆ ಹತ್ತರಷ್ಟು ಏರುತ್ತದೆ. ಬೆನ್ನಿಗೆ ಆಧಾರ ಇರುವ ಕುರ್ಚಿ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಇಲ್ಲ. ಬರಿ ತೋಳಿಗೆ ಪಟ್ಟಿ. ಕೈ ಮೇಜಿನ ಮೇಲೆ, ಎದೆಯ ಮಟ್ಟದಲ್ಲಿ. ಐದು ನಿಮಿಷ ಸುಮ್ಮನೆ ಕೂರಬೇಕು. ಮೆಷಿನ್ ನಡೆಯುವಾಗ ಮಾತಾಡಬಾರದು. ನಮ್ಮ ಅಮ್ಮನಿಗೆ ಈ ಕಡೆಯದ್ದೇ ಕಷ್ಟ.

ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಬೆಳಗ್ಗೆ ಮದ್ದಿಗೆ ಮೊದಲು ಎರಡು ಸಲ, ರಾತ್ರಿ ಎರಡು ಸಲ, ಏಳು ದಿನ. ಒಟ್ಟು 28 ಅಂಕಿ. ಮೊದಲ ದಿನದ ನಾಲ್ಕನ್ನು ಬಿಟ್ಟು ಉಳಿದ 24ರ ಸರಾಸರಿ ತೆಗೆಯಿರಿ. ಡಾಕ್ಟರ ಹತ್ತಿರ ಹೋಗುವ ಮೊದಲಿನ ವಾರ ಹೀಗೆ ಮಾಡಿದರೆ ಸಾಕು. ದಿನಕ್ಕೆ ಎಂಟು ಸಲ ನೋಡುವುದು ಬೇಡ. ಹೆದರಿಕೆಯಿಂದ ನೋಡಿದಷ್ಟೂ ಅದು ಏರುತ್ತಾ ಹೋಗುತ್ತದೆ. ಮೊದಲ ದಿನ ಎರಡೂ ತೋಳಿಗೆ ನೋಡಿ, ಜಾಸ್ತಿ ಬಂದ ತೋಳಲ್ಲೇ ಮುಂದುವರಿಸಿ. ಮತ್ತೆ ಮತ್ತೆ ನೋಡಿದರೂ ಮೇಲಿನ ಅಂಕಿಯಲ್ಲಿ ಎರಡು ತೋಳಿಗೂ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಡಾಕ್ಟರಿಗೆ ಹೇಳಿ.

ವಯಸ್ಸಾದವರಿಗೆ ಇನ್ನೊಂದು ಉಂಟು. ತೋಟದಲ್ಲಿ ಬಗ್ಗಿ ಅಡಿಕೆ ಹೆಕ್ಕಿ ಎದ್ದಾಗ ತಲೆ ತಿರುಗುತ್ತದೆ ಎನ್ನುತ್ತಾರಲ್ಲ, ಅವರಿಗೆ ಕೂತು ನೋಡಿದ ಮೇಲೆ ಎದ್ದು ನಿಂತು ಒಂದರಿಂದ ಮೂರು ನಿಮಿಷದೊಳಗೆ ನೋಡಿ. ಮೇಲಿನ ಅಂಕಿ 20 ಇಳಿದರೆ ಮದ್ದು ಜಾಸ್ತಿಯಾಗಿರಬಹುದು. ಅದನ್ನು ನಾವೇ ಕಡಿಮೆ ಮಾಡುವುದಲ್ಲ, ಹೇಳಬೇಕು.

ನೋಟ್‌ಬುಕ್ಕು, ಮತ್ತು ಗಡಿಯ ಎರಡು ಫೈಲು

ಕಾಸರಗೋಡಿನವರಿಗೆ ಒಂದು ವಿಚಿತ್ರ ಕಷ್ಟ. ಸಣ್ಣದಕ್ಕೆ ಇಲ್ಲಿಯ ಆರೋಗ್ಯ ಕೇಂದ್ರ, ಇಲ್ಲದಿದ್ದರೆ ಉಕ್ಕಿನಡ್ಕದ ಮೆಡಿಕಲ್ ಕಾಲೇಜು. ದೊಡ್ಡದಕ್ಕೆ ಮಂಗಳೂರು. ಇಲ್ಲಿಯ ಚೀಟಿ, ಸೂಚನೆ ಮಲಯಾಳದಲ್ಲಿ. ಅಲ್ಲಿಯ ಫೈಲು ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಿಗೆ ಎರಡೂ ದೂರ. ಒಂದು ಕಡೆಯ ಮದ್ದು ಇನ್ನೊಂದು ಕಡೆಯ ಡಾಕ್ಟರಿಗೆ ಗೊತ್ತಿರುವುದಿಲ್ಲ. ಒಂದೇ ಮದ್ದನ್ನು ಎರಡು ಹೆಸರಿನಲ್ಲಿ ತಿಂದವರನ್ನು ನಾನು ನೋಡಿದ್ದೇನೆ.

2020ರ ಮಾರ್ಚ್ ಕೊನೆಗೆ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತಲ್ಲ, ಆಗ ಅಪ್ಪನ ಡಾಕ್ಟರು ಆಚೆ, ಅಪ್ಪ ಈಚೆ. ಫೋನು ಸಿಕ್ಕಿತು. "ಬೀಪಿ ಎಷ್ಟು ಇದೆ?" ಎಂದು ಕೇಳಿದರು. ಹೇಳಲು ಒಂದು ಅಂಕಿಯೂ ಮನೆಯಲ್ಲಿ ಇರಲಿಲ್ಲ. ಮೆಷಿನ್ ಬಂದದ್ದು ಆಮೇಲೆ.

ಅಂಕಿಗೆ ಭಾಷೆ ಇಲ್ಲ. ಅಮ್ಮ ತಾರೀಕು, ಹೊತ್ತು, ಎರಡು ಅಂಕಿ, ನಾಡಿಬಡಿತ ಬರೆದರೆ ಯಾವ ಕಡೆಯ ಡಾಕ್ಟರಿಗೂ ಓದಲು ಬರುತ್ತದೆ. ಬದಿಯಲ್ಲಿ ಒಂದು ಸಣ್ಣ ಮಾತು ಬರೆಯುವ ಅಭ್ಯಾಸ ಮಾಡಿಸಿದ್ದೇನೆ. "ಯಕ್ಷಗಾನ ಆಟ ನೋಡಿ ನಿದ್ದೆ ಇಲ್ಲ." "ಮದುವೆ ಊಟ." "ಮಂಡಿನೋವಿನ ಮಾತ್ರೆ." ನೋವಿನ ಕೆಲವು ಮಾತ್ರೆಗಳು ಬೀಪಿ ಏರಿಸುತ್ತವೆ, ಮಂಡಿನೋವು ಇಲ್ಲದ ಅಡಿಕೆ ಕೃಷಿಕರು ಎಲ್ಲಿದ್ದಾರೆ? ಮಳೆಗಾಲದ ಪುಟಗಳಲ್ಲಿ ಅಪ್ಪನ ಅಂಕಿ ಸ್ವಲ್ಪ ಮೇಲೆ ಇರುವುದು ಬದಿಯ ಮಾತು ಓದಿದಾಗ ಅರ್ಥವಾಯಿತು. ಗಂಜಿ, ಉಪ್ಪುಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ಪಲ್ಯ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ, ಸುಟ್ಟ ಹಪ್ಪಳ. ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಸುಮಾರು ಒಂದು ಟೀ ಚಮಚ, ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪ್ಪನಿಗೆ ಅದು ಮಧ್ಯಾಹ್ನದ ಗಂಜಿಗೇ ಮುಗಿಯುತ್ತಿತ್ತು. ಉಪ್ಪುಸೊಳೆಯನ್ನು ಎರಡು ನೀರಿನಲ್ಲಿ ನೆನೆಸಿ ಹಿಂಡುವುದು ಈಗ ಮನೆಯ ಕಾನೂನು.

ಪಂಚಾಯತಿನ ಆರೋಗ್ಯ ಕೇಂದ್ರವನ್ನು ಬಿಡಬೇಡಿ. ಕೇರಳದಲ್ಲಿ 30 ದಾಟಿದವರ ಬೀಪಿ, ಶುಗರಿನ ವಿಚಾರಣೆಗೆ ಆಶಾ ಕಾರ್ಯಕರ್ತೆಯರು ಮನೆಗೇ ಬರುತ್ತಾರೆ, ಶೈಲಿ ಎಂಬ ಆ್ಯಪಿನಲ್ಲಿ ಬರೆದುಕೊಳ್ಳುತ್ತಾರೆ. ಜೀವನಶೈಲಿ ಕಾಯಿಲೆಗಳ ಕ್ಲಿನಿಕ್ಕಿಗೆ ಹೋದರೆ ಬೀಪಿ, ಶುಗರಿನ ಸಾಮಾನ್ಯ ಮದ್ದು ಪುಕ್ಕಟೆ ಸಿಗುತ್ತದೆ. ನಾನು ಮಾಡುವುದು ಇಷ್ಟು. ತಿಂಗಳ ಮದ್ದಿಗೆ ಅಲ್ಲಿ, ವರ್ಷಕ್ಕೊಮ್ಮೆ ಮಂಗಳೂರು, ಎರಡೂ ಕಡೆಗೆ ಒಂದೇ ನೋಟ್‌ಬುಕ್. ಮನೆಯ ಮೆಷಿನ್ನನ್ನೂ ವರ್ಷಕ್ಕೊಮ್ಮೆ ಚೀಲದಲ್ಲಿ ಹಾಕಿಕೊಂಡು ಹೋಗಿ, ಅಲ್ಲಿಯ ಮೆಷಿನ್ ಜೊತೆ ತಾಳೆ ನೋಡಿ ಬರುತ್ತೇವೆ.

ಶುಗರು: ಚುಚ್ಚುವ ಮೆಷಿನ್ನಾ, ಲ್ಯಾಬಾ?

ಶುಗರ್ ಇದೆಯೋ ಇಲ್ಲವೋ ಎಂದು ತಿಳಿಯಲು ಲ್ಯಾಬೇ. ಇದೆ ಎಂದು ಗೊತ್ತಾದ ಮೇಲೆ ದಿನದ ಏರಿಳಿತಕ್ಕೆ ಗ್ಲೂಕೋಮೀಟರ್. ಎರಡನ್ನೂ ಅದಲು ಬದಲು ಮಾಡಬೇಡಿ. ಒಳ್ಳೆಯ ಗ್ಲೂಕೋಮೀಟರಿಗೂ ಶೇಕಡಾ 15ರವರೆಗೆ ಆಚೀಚೆ ಆಗಲು ಅನುಮತಿ ಇದೆ. 120 ಎಂದು ತೋರಿಸಿದ್ದು ಲ್ಯಾಬಿನಲ್ಲಿ 105 ಆಗಬಹುದು, 135 ಕೂಡ ಆಗಬಹುದು. ಒಂದು ಕಾಯಿಲೆಯ ಗೆರೆಗಿಂತ ಈಚೆ, ಇನ್ನೊಂದು ಆಚೆ.

ಖಾಲಿ ಹೊಟ್ಟೆಯ ಶುಗರು 126 ಮುಟ್ಟಿದರೆ, ಎಚ್‌ಬಿಎ1ಸಿ ಎಂಬ ರಕ್ತದ ಟೆಸ್ಟು 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಮೈಯಲ್ಲಿ ಏನೂ ತೊಂದರೆ ಕಾಣದಿದ್ದರೆ ಇನ್ನೊಮ್ಮೆ ನೋಡಿ ಖಚಿತ ಮಾಡುತ್ತಾರೆ. ಎರಡರಲ್ಲಿ ಒಂದೇ ಮಾಡಿಸುವುದಾದರೆ? ಎಚ್‌ಬಿಎ1ಸಿ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ. ಟೆಸ್ಟಿಗೆ ಮೊದಲು ಮೂರು ದಿನ ಸಿಹಿ ಬಿಟ್ಟು ಅದನ್ನು ಏಮಾರಿಸಲು ಆಗುವುದಿಲ್ಲ. ಊಟ ಮಾಡಿ ಹೋದರೂ ಆಗುತ್ತದೆ. ಹಾಗಾಗಿ ನನ್ನ ಮತ ಅದಕ್ಕೆ. ಆದರೆ ರಕ್ತಹೀನತೆ ಇದ್ದವರಲ್ಲಿ ಅದು ದಾರಿ ತಪ್ಪಿಸಬಹುದು. ಅಂಥವರು ಖಾಲಿ ಹೊಟ್ಟೆಯದ್ದನ್ನೂ ಮಾಡಿಸಬೇಕು.

ಗ್ಲೂಕೋಮೀಟರಿನಲ್ಲಿ ಮೆಷಿನ್ ಅಗ್ಗ, ಸ್ಟ್ರಿಪ್ ದುಬಾರಿ. ಕೊಳ್ಳುವಾಗ ಸ್ಟ್ರಿಪ್ಪಿನ ಬೆಲೆ ಕೇಳಿ, ಅದು ಬದಿಯಡ್ಕದ ಅಂಗಡಿಯಲ್ಲಿ ಸದಾ ಸಿಗುತ್ತದೆಯಾ ಎಂದೂ ಕೇಳಿ. ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಹಾಳಾಗುತ್ತದೆ. ಡಬ್ಬಿಯ ಮುಚ್ಚಳ ಕೂಡಲೇ ಹಾಕಬೇಕು. ಇನ್ನೊಂದು ಕಥೆ. ಅತ್ತೆಗೆ ಒಮ್ಮೆ 290 ಬಂತು. ಮನೆಯಲ್ಲಿ ಗಲಾಟೆ. ನೋಡಿದರೆ ಹಲಸಿನ ಹಣ್ಣು ಬಿಡಿಸಿದ ಕೈ! ಸೋಪು ಹಾಕಿ ತೊಳೆದು, ಒರೆಸಿ ನೋಡಿದಾಗ 162.

ಪ್ಯಾಕೇಜು

ಭಾವನ ಎಪ್ಪತ್ತು ಟೆಸ್ಟಿಗೆ ಬರುವಾ. ಲ್ಯಾಬಿನ "ನಾರ್ಮಲ್" ಗೆರೆಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ ಎಳೆದಿರುತ್ತಾರೆ. ಹಾಗಾದರೆ ಏನೂ ಇಲ್ಲದವರಿಗೂ ಇಪ್ಪತ್ತು ಟೆಸ್ಟಿಗೆ ಒಂದರಂತೆ ದಪ್ಪ ಅಕ್ಷರದಲ್ಲಿ ಬರುತ್ತದೆ. ಎಪ್ಪತ್ತಕ್ಕೆ ಎಷ್ಟು, ಲೆಕ್ಕ ಹಾಕಿ. ಆ ದಪ್ಪ ಅಕ್ಷರದ ಹಿಂದೆ ಇನ್ನಷ್ಟು ಟೆಸ್ಟು.

ಹೃದಯದ ಮಟ್ಟಿಗೆ ಬೇಕಾದದ್ದು ಕೊಲೆಸ್ಟ್ರಾಲಿನ ಲಿಪಿಡ್ ಟೆಸ್ಟು, ಶುಗರು, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್. ಬೀಪಿ ಅಥವಾ ಶುಗರ್ ಇದ್ದವರಿಗೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತದಾ ಎಂಬುದೂ ಬೇಕು. ಇವನ್ನು ಬಿಡಿ ಬಿಡಿಯಾಗಿ ಮಾಡಿಸಬಹುದು. ಲಿಪಿಡ್ ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟ್ರಾಲ್ 200ರ ಒಳಗಿದೆ ಎಂದು ಖುಷಿಪಡುವವರೇ ಜಾಸ್ತಿ. ನೋಡಬೇಕಾದ್ದು ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್. ಸಾಮಾನ್ಯವಾಗಿ 100ರ ಕೆಳಗಿದ್ದರೆ ಒಳ್ಳೆಯದು. ಒಮ್ಮೆ ಹಾರ್ಟ್ ಅಟ್ಯಾಕ್ ಆದವರಿಗೆ 70ಕ್ಕಿಂತ ಕೆಳಗೆ, ಕೆಲವರಿಗೆ ಇನ್ನೂ ಕೆಳಗೆ ತರುತ್ತಾರೆ. ಒಟ್ಟು ಅಂಕಿಯಿಂದ ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲ್ ಕಳೆದರೂ ಒಂದು ಅಂದಾಜು ಸಿಗುತ್ತದೆ. ಒಟ್ಟು 190, ಎಚ್‌ಡಿಎಲ್ 35 ಇದ್ದರೆ ಉಳಿದದ್ದು 155. ಅದು 130ರ ಒಳಗೆ ಇರಬೇಕಿತ್ತು. "190, ನಾರ್ಮಲ್" ಎಂದು ಅಂಗಳದಲ್ಲಿ ಹೇಳಿಕೊಂಡು ತಿರುಗುವವರಿಗೆ ಇದು ಗೊತ್ತಿರುವುದಿಲ್ಲ. ಮನೆಯಲ್ಲಿ ಅಪ್ಪ, ಅಣ್ಣ, ತಮ್ಮ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿದ್ದರೆ ಲೈಪೋಪ್ರೋಟೀನ್ ಎ ಎಂಬ ಟೆಸ್ಟಿನ ಬಗ್ಗೆ ಡಾಕ್ಟರನ್ನು ಕೇಳಿ. ಅದು ಹುಟ್ಟಿನಿಂದ ಬರುವ ಅಂಶ, ಜೀವನದಲ್ಲಿ ಒಮ್ಮೆ ಸಾಕು.

ಇಸಿಜಿ ಸರಿ ಬಂತು ಅಂದರೆ ಬ್ಲಾಕ್ ಇಲ್ಲ ಅಂತ ಅಲ್ಲ. ಸುಮ್ಮನೆ ಮಲಗಿದಾಗ ತೆಗೆದ ಇಸಿಜಿಯಲ್ಲಿ ಬ್ಲಾಕ್ ಕಾಣದೆಯೂ ಹೋಗಬಹುದು.

ತೂಕದ ಕಾಟಾ, ಟೈಲರ ಟೇಪಾ?

ಟೇಪು. ನಮ್ಮವರ ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ. ತೂಕ ಸರಿ ಇದ್ದರೂ ಅಪಾಯ ಹೊಟ್ಟೆಯಲ್ಲಿದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಗಡಿ. ಪಂಚೆ ಕಟ್ಟುವ ಜಾಗದಲ್ಲಿ ಅಳೆದು ಅಪ್ಪ ನನ್ನನ್ನು ಮೋಸ ಮಾಡಲು ನೋಡಿದ್ದರು. ಹೃದಯ ಸೋತು ಕಾಲು ಬಾತುಕೊಳ್ಳುವವರಿಗೆ ಮಾತ್ರ ಕಾಟಾ ಬೇಕೇ ಬೇಕು. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ನೋಡಬೇಕು. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಅದೇ ದಿನ ಡಾಕ್ಟರಿಗೆ ಫೋನು ಮಾಡಿ.

ಯಾವುದನ್ನೂ ಅಳೆಯಬಾರದ ಹೊತ್ತು

ಬೀಪಿ 180/120 ದಾಟಿ, ಬೇರೆ ಏನೂ ತೊಂದರೆ ಇಲ್ಲದಿದ್ದರೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಹಾಗೇ ಇದ್ದರೆ ಅದೇ ದಿನ ಡಾಕ್ಟರಿಗೆ ಹೇಳಿ. ಆದರೆ ಎದೆ ಒತ್ತಿದ ಹಾಗೆ ಆಗಿ, ಬೆವರು ಇಳಿದು, ನೋವು ಕೈಗೋ ದವಡೆಗೋ ಬೆನ್ನಿಗೋ ಹೋಗುತ್ತಿದ್ದರೆ ಮೆಷಿನ್ ಹುಡುಕಬೇಡಿ. ಬಾಯಿ ಸೊಟ್ಟ ಆಗಿ ಮಾತು ತೊದಲಿದರೂ ಅಷ್ಟೆ. ಬೀಪಿ 120/80 ಇದ್ದಾಗಲೂ ಹಾರ್ಟ್ ಅಟ್ಯಾಕ್ ಆಗಬಹುದು. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಎದೆನೋವೇ ಬಾರದೆ ಬರಿ ಸುಸ್ತು, ವಾಂತಿ, ಉಸಿರುಕಟ್ಟು ಬರುವುದೂ ಉಂಟು. "ಗ್ಯಾಸ್ ಇರಬೇಕು, ಸ್ವಲ್ಪ ಜೀರಿಗೆ ನೀರು ಕುಡಿಯುವಾ" ಎಂದು ಕೂರುವ ಪ್ರತಿ ಗಂಟೆಗೂ ಹೃದಯದ ಒಂದಷ್ಟು ಸ್ನಾಯು ಸಾಯುತ್ತಾ ಹೋಗುತ್ತದೆ. 108ಕ್ಕೆ ಫೋನು ಮಾಡಿ. ಮಂಗಳೂರು ನಮಗೆ ಗಂಟೆಗೂ ಮೇಲಿನ ದಾರಿ. ಹಾಗಾಗಿ ಬ್ಲಾಕ್ ಬಿಡಿಸುವ ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆ ಹತ್ತಿರ ಯಾವುದು, ರಾತ್ರಿಯೂ ಮಾಡುತ್ತಾರಾ ಎಂದು ಇವತ್ತೇ, ಎಲ್ಲರೂ ಗಟ್ಟಿ ಇರುವಾಗಲೇ ವಿಚಾರಿಸಿ ಇಟ್ಟುಕೊಳ್ಳಿ.

ನಮ್ಮ ಮೆಷಿನ್ ಪೆಟ್ಟಿಗೆಯ ಮುಚ್ಚಳದ ಒಳಗೆ ನಾನು ಒಂದು ಕಾಗದ ಅಂಟಿಸಿದ್ದೇನೆ. 108, ಆಸ್ಪತ್ರೆಯ ನಂಬರು, ರಾತ್ರಿ ಕರೆದರೂ ಬರುವ ಜೀಪಿನವನ ನಂಬರು. ಮೊನ್ನೆ ನೋಡಿದರೆ ಅದರ ಕೆಳಗೆ ಅಮ್ಮನ ಅಕ್ಷರದಲ್ಲಿ ಇನ್ನೊಂದು ನಂಬರು ಸೇರಿತ್ತು. ಯಾವ ಡಾಕ್ಟರದ್ದು ಎಂದು ಕೇಳಿದೆ. ಅಡಿಕೆ ವ್ಯಾಪಾರಿಯದ್ದಂತೆ. "ರೇಟು ಕೇಳಿ ಆದ ಮೇಲೆ ಬೀಪಿ ನೋಡಬಾರದು ಅಂತ ನೆನಪಿಗೆ" ಎಂದಳು.